ಕುಂದಾಪುರದ ಮುಖ, ಬೀದರಿನ ಚಳಿ

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಹಸಿ ಕಡಲೆ ಕೀಳುತ್ತಿದ್ದೆ. ನಾಲ್ಕು ಗಿಡ ಮುಟ್ಟಿದ್ದೆನೋ ಇಲ್ಲವೋ, ಬೆರಳ ತುದಿಗಳೆಲ್ಲ ಚುರ್ ಅಂದವು. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಗಾಯ ಮುಟ್ಟಿಕೊಂಡರೆ ಹೇಗಾಗುತ್ತದೋ ಹಾಗೆ. 2024ರ ಡಿಸೆಂಬರ್ 30, ಸೋಮವಾರ. ಬೀದರಿನಲ್ಲಿ ಅದು ನನ್ನ ಮೊದಲ ಚಳಿಗಾಲ.

ನಾನು ಕುಂದಾಪುರದ ಕಡೆಯವಳು. ಆ ವರ್ಷ ಜೂನ್‌ನಲ್ಲಿ ಬೀದರ ತಾಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನ ಟೀಚರ್ ಆಗಿ ಬಂದಿದ್ದೆ. ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಭಾಷೆ ಬೇರೆ, ಊಟ ಬೇರೆ, ಇದಕ್ಕೆಲ್ಲ ತಯಾರಾಗಿಯೇ ಬಂದಿದ್ದೆ. ಗಾಳಿಯೂ ಬೇರೆ ಇರುತ್ತದೆ ಅನ್ನುವುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಕರಾವಳಿಯಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಮುಖ ಅಂದರೆ ಜಿಡ್ಡು. ಬೆಳಿಗ್ಗೆ ತೊಳೆದರೆ ಹತ್ತು ಗಂಟೆಗೆ ಮತ್ತೆ ಹಣೆ ಹೊಳೆಯುತ್ತಿರುತ್ತದೆ. ಕಾಲೇಜಿನ ದಿನಗಳಲ್ಲಿ ನನಗೆ ಮೊಡವೆ ಜಾಸ್ತಿ ಇತ್ತು. ಏನೇನೋ ಹಚ್ಚಿ, ಎಷ್ಟೋ ದುಡ್ಡು ಕಳೆದು, ಕೊನೆಗೆ ಒಂದು ಕ್ರಮಕ್ಕೆ ಬಂದಿದ್ದೆ. ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಫೇಸ್‌ವಾಶ್ ದಿನಕ್ಕೆ ಎರಡು ಸಲ, ರಾತ್ರಿ ಸತ್ತ ಚರ್ಮ ಕಳಚುವ ಗ್ಲೈಕಾಲಿಕ್ ಆ್ಯಸಿಡ್ ಟೋನರ್, ಅದರ ಮೇಲೆ ನೀರಿನಂಥ ತೆಳು ಜೆಲ್. ಊರಿನ ಸೆಕೆಗೆ, ಬೆವರಿಗೆ ಇದು ಚೆನ್ನಾಗಿ ಹೊಂದಿಕೊಂಡಿತ್ತು. ಮೊಡವೆ ನಿಂತಿದ್ದವು. ಹಾಗಾಗಿ ಆ ಮೂರು ಬಾಟಲಿಗಳ ಮೇಲೆ ನನಗೆ ತುಂಬಾ ನಂಬಿಕೆ. ಬೀದರಿಗೂ ಅವೇ ಬಂದವು.

ಮಳೆಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ದೀಪಾವಳಿ ಕಳೆದು ನವೆಂಬರ್ ನಡುವಿಗೆ ಬಂತು ನೋಡಿ, ಮುಖ ತೊಳೆದ ಕೂಡಲೇ ಚರ್ಮ ಬಿಗಿಯಲು ಶುರುವಾಯಿತು. ನಕ್ಕರೆ ಕೆನ್ನೆ ಎಳೆಯುತ್ತಿತ್ತು. ಮೂಗಿನ ಪಕ್ಕ, ಹುಬ್ಬಿನ ನಡುವೆ ಬಿಳಿ ಹೊಟ್ಟು ಏಳತೊಡಗಿತು. ಮೊಣಕೈಯಿಂದ ಕೆಳಗೆ ಉಗುರಿನಿಂದ ಗೀರಿದರೆ ಸ್ಲೇಟಿನ ಮೇಲೆ ಬರೆದ ಹಾಗೆ ಬಿಳಿ ಗೆರೆ ಮೂಡುತ್ತಿತ್ತು. ಹಿಮ್ಮಡಿ ಒಡೆಯಿತು, ತುಟಿ ಒಡೆಯಿತು. ಬಾಟಲಿಯಲ್ಲಿದ್ದ ತೆಂಗಿನೆಣ್ಣೆ ಕಲ್ಲಾಗಿ ಕೂತಿತ್ತು. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ ಅಂತ ಪಾಠದಲ್ಲಿ ಹೇಳುವವಳು ನಾನು, ಆದರೆ ಹಗಲು ಹೊತ್ತಿನಲ್ಲೂ ಅದು ಹಾಗೆ ಬೆಳ್ಳಗೆ ಕೂತಿದ್ದನ್ನು ಅಷ್ಟು ದಿನ ನೋಡಿದ್ದು ಅದೇ ಮೊದಲು.

ಆಗ ನಾನು ಮಾಡಿದ ತಪ್ಪನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಮಾಡುತ್ತಿರುವ ಎಷ್ಟೋ ಜನರನ್ನು ಆಮೇಲೆ ನೋಡಿದ್ದೇನೆ. ಎದ್ದ ಹೊಟ್ಟನ್ನು ನಾನು ಕೊಳೆ ಅಂದುಕೊಂಡೆ. ಸತ್ತ ಚರ್ಮ ಕೂತಿದೆ, ಅದನ್ನು ತೆಗೆದರೆ ಒಳಗಿನ ನಯವಾದ ಚರ್ಮ ಬರುತ್ತದೆ ಅಂತ ಲೆಕ್ಕ ಹಾಕಿದೆ. ರಾತ್ರಿ ಮಾತ್ರ ಹಚ್ಚುತ್ತಿದ್ದ ಟೋನರನ್ನು ಬೆಳಿಗ್ಗೆಯೂ ಹಚ್ಚಿದೆ. ಭಾನುವಾರ ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ತಿಕ್ಕಿದೆ. ಚಳಿ ಬೇರೆ ಇತ್ತಲ್ಲ, ಬಕೆಟ್ಟಿಗೆ ಕಾಯಿಲ್ ಹಾಕಿ, ಹಬೆ ಏಳುವ ನೀರಿನಲ್ಲಿ ಇಪ್ಪತ್ತು ನಿಮಿಷ ಸ್ನಾನ. ಮೈಮೇಲೆ ಬಿಸಿನೀರು ಬಿದ್ದಾಗ ಎಷ್ಟು ಹಿತ ಅನ್ನಿಸುತ್ತಿತ್ತೋ, ಹೊರಗೆ ಬಂದ ಹತ್ತು ನಿಮಿಷಕ್ಕೆ ಅಷ್ಟೇ ತುರಿಕೆ. ತುರಿಸಿದಷ್ಟೂ ಕೆಂಪು. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಎಂತ ಆಯ್ತ್ ಮಗಾ ಮೊಕಕ್ಕೆ?" ಅಂದರು. ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನಿಟ್ಟೆ.

ಎಳ್ಳಮಾವಾಸ್ಯೆಗೆ ಮನೆ ಮಾಲೀಕರು ತಮ್ಮ ಹೊಲಕ್ಕೆ ಕರೆದಿದ್ದರು. ಅವತ್ತು ಬೀದರ ಕಡೆ ಊರಲ್ಲಿ ಜನವೇ ಇರುವುದಿಲ್ಲ, ಎಲ್ಲ ಹೊಲದಲ್ಲಿ. ಜೋಳದ ದಂಟಿನಿಂದ ಸಣ್ಣ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಬೆಳೆಗೆ ಚರಗ, ಅಂದರೆ ಪೂಜೆಯ ಎಡೆ, ಚೆಲ್ಲುತ್ತಾರೆ. ಆಮೇಲೆ ಊಟ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಆ ಕಾಲಕ್ಕೆ ಸಿಗುವ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಹುಣಸೆಹುಳಿ, ಹಸಿಮೆಣಸಿನಕಾಯಿ ಜೊತೆ ಬೇಯಿಸಿದ್ದು. ಅದರ ಜೊತೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಮಡಕೆಯಲ್ಲಿ ತಣ್ಣನೆ ಅಂಬಲಿ. ಇಷ್ಟು ರುಚಿಯ ಊಟವನ್ನು ನಾನು ಅವತ್ತು ಕಣ್ಣಲ್ಲಿ ನೀರು ಹಾಕಿಕೊಂಡು ಉಂಡೆ. ರೊಟ್ಟಿ ಕಡಿಯಲು ಬಾಯಿ ತೆಗೆದರೆ ಕೆಳತುಟಿ ಸೀಳಿ ರಕ್ತ ಜಿನುಗುತ್ತಿತ್ತು, ಅದಕ್ಕೆ ಭಜ್ಜಿಯ ಖಾರ ತಗುಲಿದರೆ ಜೀವ ಹೋದ ಹಾಗೆ. ಕೊನೆಗೆ ಅಂಬಲಿ ಕುಡಿದು ಎದ್ದೆ.

ಊಟಕ್ಕೆ ಮೊದಲೇ ಆಗಿದ್ದು ಕಡಲೆಯ ವಿಷಯ. ಮಕ್ಕಳ ಜೊತೆ ನಾನೂ ಕೀಳಲು ಕೂತೆ. ಬೆರಳು ಉರಿದು ಕೈ ಝಾಡಿಸುತ್ತಿದ್ದಾಗ ಮಾಲೀಕರ ತಾಯಿ, ಎಲ್ಲರೂ ಆಯಿ ಅನ್ನುವ ಹಿರಿಯರು, ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಕೈ ಎಷ್ಟ್ ಒಡದಾವ್ರಿ ಅಕ್ಕೋರ! ಕಡ್ಲಿ ಹುಳಿ ಅದು. ಒಡದ ಕೈಗಿ ಭಾಳ ಉರೀತದ. ಮೊದ್ಲ ನೀರ್ ಹಾಕ್ರಿ."

ತಂಬಿಗೆಯಿಂದ ನೀರು ಬಿಟ್ಟರು. ಹಿಂದೆ ರಾತ್ರಿ ಹೊತ್ತು ಕಡಲೆ ಗಿಡದ ಮೇಲೆ ತೆಳುವಾದ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಬಟ್ಟೆಯನ್ನು ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಬಾಟಲಿಯಲ್ಲಿ ತುಂಬಿಡುತ್ತಿದ್ದರಂತೆ, ಹೊಟ್ಟೆನೋವಿಗೆ ಅಂತ. ಅವರು ಹೇಳುತ್ತಿದ್ದರು, ನಾನು ನನ್ನ ಬೆರಳು ನೋಡುತ್ತಿದ್ದೆ. ಹೆಬ್ಬೆರಳ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ನಾಲ್ಕು ಸೀಳು. ಸಾಲದ್ದಕ್ಕೆ ಅದರ ಸಂದಿಯಲ್ಲೆಲ್ಲ ಸೀಮೆಸುಣ್ಣದ ಬಿಳಿ. ಪಕ್ಕದಲ್ಲಿ ಮಕ್ಕಳು ಅದೇ ಗಿಡ ಕಿತ್ತು ಅದೇ ಕಾಳು ಬಿಡಿಸಿ ತಿನ್ನುತ್ತಿದ್ದರು. ಅವರಿಗೆ ಏನೂ ಆಗುತ್ತಿರಲಿಲ್ಲ.

ಕಡಲೆ ಗಿಡದ ಎಲೆ, ಕಾಯಿಗಳ ಮೇಲೆ ಸಣ್ಣ ರೋಮಗಳಿರುತ್ತವೆ. ಅವುಗಳಿಂದ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಒಸರುತ್ತವೆ. ಇದು ನನಗೆ ಗೊತ್ತಿತ್ತು. ಹತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಆರು ತಿಂಗಳ ಹಿಂದೆಯಷ್ಟೇ ಮಾಡಿದ್ದೆ. ಗಟ್ಟಿ ಚರ್ಮಕ್ಕೆ ಏನೂ ಮಾಡದ ಈ ಹುಳಿ ಒಡೆದ ಚರ್ಮಕ್ಕೆ ಇಷ್ಟು ಉರಿ ತರುತ್ತದೆ ಅಂದಮೇಲೆ, ದಿನಾ ಎರಡು ಹೊತ್ತು ಮುಖಕ್ಕೆ ನಾನು ಹಚ್ಚುತ್ತಿರುವುದು ಏನು? ಅದೂ ಆ್ಯಸಿಡ್ಡೇ ಅಲ್ವಾ? ಟೋನರ್ ಹಚ್ಚಿದಾಗ ಆಗುತ್ತಿದ್ದ ಉರಿಯನ್ನು "ಕೆಲಸ ಮಾಡುತ್ತಿದೆ" ಅಂದುಕೊಂಡಿದ್ದೆನಲ್ಲ! ಹೊಲದ ಬದುವಿನಲ್ಲಿ ಕೂತು ನಿಜವಾಗಿ ಭಯವಾಯಿತು.

ಅವತ್ತು ರಾತ್ರಿ ಮೂರೂ ಬಾಟಲಿಗಳನ್ನು ಕಪಾಟಿನ ಮೇಲಿನ ಗೂಡಿಗೆ ಸೇರಿಸಿದೆ. ಬರೀ ಉಗುರು ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಮನೆಯಲ್ಲಿದ್ದ ವ್ಯಾಸಲಿನ್ ತೆಳುವಾಗಿ ಸವರಿ ಮಲಗಿದೆ. ಒಂದು ತಿಂಗಳ ಮೇಲೆ ಮೊದಲ ಸಲ ಮುಖ ಉರಿಯದೆ ನಿದ್ದೆ ಬಂತು.

ಮರುವಾರ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮಾಡಿದ ಮೊದಲ ಕೆಲಸ ಯಾವುದನ್ನೆಲ್ಲ ಬಿಡಬೇಕು ಅಂತ ಹೇಳಿದ್ದು. ಬರೆದುಕೊಟ್ಟಿದ್ದು ಎರಡೇ. ಮುಖಕ್ಕೆ, ಮೈಗೆ ವಾಸನೆಯಿಲ್ಲದ ಸೆರಮೈಡ್ ಕ್ರೀಮು, ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಸುಮ್ನೆ ಬಿಡಿ ಅಂದರು.

ಮನೆಗೆ ಬಂದು ಇದನ್ನು ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ನಮ್ಮೂರಿಗೂ ಬೀದರಿಗೂ ಸಮಾನವಾಗಿ ಇರುವುದು ಒಂದೇ, ಮುರಕಲ್ಲು. ಬೀದರ ಕೂತಿರುವುದೇ ಆ ಕೆಂಪು ಕಲ್ಲಿನ ದಿಣ್ಣೆಯ ಮೇಲೆ. ಚರ್ಮದ ಮೇಲ್ಪದರವನ್ನು ಒಂದು ಮುರಕಲ್ಲಿನ ಗೋಡೆ ಅಂದುಕೊಳ್ಳಿ. ಕಲ್ಲು ಅಂದರೆ ಸತ್ತ ಜೀವಕೋಶಗಳು, ನಡುವಿನ ಗಾರೆ ಅಂದರೆ ಸೆರಮೈಡ್‌ನಂಥ ಕೊಬ್ಬಿನಂಶ. ಗಾರೆ ಗಟ್ಟಿ ಇದ್ದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ. ಬಿಸಿನೀರು, ಸೋಪು, ಆ್ಯಸಿಡ್, ತಿಕ್ಕುವುದು ಎಲ್ಲ ಸೇರಿ ಗಾರೆಯನ್ನು ಕೆರೆದು ತೆಗೆದಿದ್ದವು. ಕುಂದಾಪುರದಲ್ಲಿ ಗೋಡೆಯಲ್ಲಿ ಸಂದಿ ಬಿದ್ದಿದ್ದರೂ ಹೊರಗಿನ ಗಾಳಿಯಲ್ಲೇ ನೀರು ತುಂಬಿರುವುದರಿಂದ ಅಷ್ಟು ಗೊತ್ತಾಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಎರಡು ಸಾವಿರ ಅಡಿಗೂ ಎತ್ತರದ ಒಣ ನೆಲ, ಚಳಿಗಾಲದ ಒಣ ಗಾಳಿ. ತಣ್ಣನೆ ಗಾಳಿ ಹಿಡಿದುಕೊಳ್ಳುವ ನೀರಿನಂಶವೇ ಕಡಿಮೆ. ಹಾಗಾಗಿ ಗಾಳಿ ನಮ್ಮ ಮೈಯಿಂದಲೇ ಎಳೆದುಕೊಳ್ಳುತ್ತದೆ. ಇನ್ನು ಆ ಬಿಳಿ ಹೊಟ್ಟು? ಅದು ಮುರಿದ ಗೋಡೆಯಿಂದ ಉದುರುತ್ತಿದ್ದ ಚೂರು. ನಾನು ಅದನ್ನು ಕೊಳೆ ಅಂತ ಇನ್ನೂ ಕೆರೆಯುತ್ತಿದ್ದೆ.

ಬದಲಾಯಿಸಿಕೊಂಡಿದ್ದರಲ್ಲಿ ಅತಿ ಕಷ್ಟದ್ದು ಸ್ನಾನ. ಹತ್ತು ಡಿಗ್ರಿ ಆಸುಪಾಸಿನ ಬೆಳಗಿನಲ್ಲಿ ಉಗುರು ಬೆಚ್ಚಗಿನ ನೀರು ಸಾಕು ಅನ್ನುವುದಕ್ಕೆ ಗಟ್ಟಿ ಮನಸ್ಸು ಬೇಕು. ಸ್ನಾನವನ್ನು ಸಂಜೆ ಶಾಲೆಯಿಂದ ಬಂದ ಮೇಲಕ್ಕೆ ಬದಲಾಯಿಸಿದೆ, ಆಗ ಅಷ್ಟು ಚಳಿ ಇರುವುದಿಲ್ಲ. ಐದಾರು ನಿಮಿಷ, ಅಷ್ಟೇ. ಸೋಪು ಕಂಕುಳು, ಕಾಲು, ಕೈಗೆ ಮಾತ್ರ. ಟವೆಲ್ಲಿನಲ್ಲಿ ಉಜ್ಜದೆ ಒತ್ತಿ ಒರೆಸಿಕೊಂಡು, ಮೈ ಇನ್ನೂ ಹಸಿಯಿರುವಾಗಲೇ, ಮೂರು ನಿಮಿಷದೊಳಗೆ ಕ್ರೀಮು. ಇದಕ್ಕಾಗಿ ಡಬ್ಬಿಯನ್ನು ಬಚ್ಚಲುಮನೆಯ ಒಳಗೇ ಇಟ್ಟೆ. ಅದೇ ಕ್ರೀಮನ್ನು ಒಣಗಿದ ಮೈಗೆ ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಮೇಲೆ ಜಿಡ್ಡಾಗಿ ಕೂರುತ್ತದೆ, ಒಳಗಿನ ಬಿಗಿತ ಹೋಗುವುದಿಲ್ಲ. ಎರಡನ್ನೂ ಮಾಡಿ ನೋಡಿದ್ದೇನೆ, ವ್ಯತ್ಯಾಸ ನನ್ನ ಕೈಯಲ್ಲೇ ಕಾಣುತ್ತಿತ್ತು. ತೆಂಗಿನೆಣ್ಣೆಯನ್ನೂ ಬಿಟ್ಟಿಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಕೈಕಾಲಿಗೆ, ಕ್ರೀಮಿನ ಮೇಲೆ. ಮುಖಕ್ಕೆ ಮಾತ್ರ ಬೇಡ, ನನಗೆ ಮೊಡವೆ ಬರುತ್ತದೆ. ಹಿಮ್ಮಡಿಗೆ ರಾತ್ರಿ ಯೂರಿಯಾ ಕ್ರೀಮು, ಮೇಲೆ ಹತ್ತಿ ಕಾಲುಚೀಲ. ಸನ್‌ಸ್ಕ್ರೀನ್ ಮುಂದುವರಿಯಿತು, ಏಕೆಂದರೆ ಚಳಿ ಇದ್ದರೂ ಇಲ್ಲಿಯ ಮಧ್ಯಾಹ್ನದ ಬಿಸಿಲು ಸಣ್ಣದಲ್ಲ. ಜೆಲ್ ಬದಲು ಕ್ರೀಮಿನಂಥದ್ದು ತಂದೆ, ಅಷ್ಟೇ ಬದಲಾವಣೆ.

ಸುಮಾರು ಹತ್ತು ದಿನಕ್ಕೆ ತುರಿಕೆ ನಿಂತಿತು. ಜನವರಿ ಕೊನೆಗೆ ಕೆನ್ನೆ ಮುಟ್ಟಿದರೆ ಕೆನ್ನೆಯ ಹಾಗೇ ಇತ್ತು. ಅಮ್ಮನಿಗೆ ನಾನೇ ವಿಡಿಯೋ ಕಾಲ್ ಮಾಡಿದೆ.

ಆ ಹೊತ್ತಿಗೆ ನನಗೆ ಇನ್ನೊಂದು ಗಮನಕ್ಕೆ ಬಂದಿತ್ತು. ನನ್ನ ಕ್ಲಾಸಿನ ಅರ್ಧ ಮಕ್ಕಳ ತುಟಿ ಒಡೆದಿದ್ದವು, ಕೆನ್ನೆ ಒರಟಾಗಿದ್ದವು. ಇಷ್ಟು ದಿನ ದಿನಾ ನೋಡುತ್ತಲೇ ಇದ್ದೆ, ಆದರೆ ಕಂಡಿರಲಿಲ್ಲ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಪಾಠ ಕೇಳುವಾಗೆಲ್ಲ ತುಟಿ ನೆಕ್ಕುತ್ತಿದ್ದಳು. ತುಟಿಯ ಸುತ್ತ ಕೆಂಪು ಉಂಗುರ. ನೆಕ್ಕಿದಾಗ ಒಂದು ಗಳಿಗೆ ತಂಪು, ಆಮೇಲೆ ಎಂಜಲು ಆರುತ್ತಾ ಇದ್ದ ತೇವವನ್ನೂ ಎಳೆದುಕೊಂಡು ಹೋಗುತ್ತದೆ, ಮತ್ತೆ ನೆಕ್ಕಬೇಕು ಅನ್ನಿಸುತ್ತದೆ.

ಒಂದು ಶನಿವಾರ ಲ್ಯಾಬಿನಿಂದ ಪಿಹೆಚ್ ಪೇಪರ್ ತಂದೆ. ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದ ಅದು, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಮಕ್ಕಳಿಗೆ ಮನೆಯಲ್ಲಿ ಬಳಸುವ ಸೋಪಿನ ಚೂರು ತರಲು ಹೇಳಿದ್ದೆ. ಮೈ ಸೋಪು, ಬಟ್ಟೆ ಸೋಪು ಎರಡೂ ಬಂದಿದ್ದವು. ಕೆಲವರ ಮನೆಯಲ್ಲಿ ಎರಡಕ್ಕೂ ಒಂದೇ. ನೀರಿನಲ್ಲಿ ಕದಡಿ ಪೇಪರ್ ಅದ್ದಿದರೆ ಮೈ ಸೋಪುಗಳೂ 9, 10ರ ನೀಲಿಗೆ ತಿರುಗಿದವು. ನಮ್ಮ ಚರ್ಮದ್ದು ಸುಮಾರು 5, ಸ್ವಲ್ಪ ಹುಳಿಯ ಕಡೆ. ಹಾಗಾದರೆ ಸೋಪು ಹಚ್ಚಿದಾಗ ಏನಾಗುತ್ತದೆ ಅಂತ ಕೇಳಿದೆ. ಒಬ್ಬ ಎದ್ದು, "ಮೈ ಬಿಗೀತದ್ರಿ ಮೇಡಂ" ಅಂದ. ಇನ್ನೊಬ್ಬ ಮನೆಯ ಹೊಲದಿಂದ ಕಡಲೆ ಗಿಡ ಕಿತ್ತು ತಂದಿದ್ದ. ಒದ್ದೆ ಮಾಡಿದ ಪೇಪರನ್ನು ಎಲೆಗೆ ಒತ್ತಿದೆ. ಕೆಂಪಾಯಿತು.

ಈ ವರ್ಷ ನವೆಂಬರ್‌ನಲ್ಲಿ ಮುಖ ಮೊದಲ ಸಲ ಬಿಗಿದ ದಿನವೇ ಟೋನರ್ ಮೇಲಿನ ಗೂಡಿಗೆ ಹೋಯಿತು, ಕ್ರೀಮಿನ ಡಬ್ಬಿ ಬಚ್ಚಲಿಗೆ ಬಂತು. ಕ್ಲಾಸಿನ ಮೇಜಿನ ಡ್ರಾಯರಿನಲ್ಲೂ ಒಂದು ವ್ಯಾಸಲಿನ್ ಡಬ್ಬಿ ಇಟ್ಟಿದ್ದೇನೆ. ಎಲ್ಲರೂ ಬೆರಳು ಅದ್ದಬಾರದು ಅಂತ ಜೊತೆಗೊಂದು ಐಸ್‌ಕ್ಯಾಂಡಿ ಕಡ್ಡಿ. ಇದು ಎಲ್ಲಿಂದ ಬರುತ್ತದೆ ಅಂತ ಒಬ್ಬಳು ಕೇಳಿದಾಗ, ಪೆಟ್ರೋಲಿಯಂನಿಂದ, 1872ರಲ್ಲಿ ಅಮೆರಿಕದ ರಾಬರ್ಟ್ ಚೆಸ್‌ಬ್ರೋ ಅನ್ನುವವರು ಇದಕ್ಕೆ ಪೇಟೆಂಟ್ ಪಡೆದರು ಅಂತ ಹೇಳಿದೆ. ಎಲ್ಲರೂ ಡಬ್ಬಿಯನ್ನು ಮೂಸಿ ನೋಡಿದರು, ಪೆಟ್ರೋಲಿನ ವಾಸನೆ ಬರುತ್ತದಾ ಅಂತ.

ಮೂರನೇ ಬೆಂಚಿನ ಹುಡುಗಿ ಈಗ ಹತ್ತನೇ ತರಗತಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮೊದಲು ಬರುವವಳು ಅವಳೇ. ಕಡ್ಡಿಯಲ್ಲಿ ಚೂರು ತೆಗೆದು ತುಟಿಗೆ ಸವರಿಕೊಂಡು, ಮಿಕ್ಕಿದ್ದನ್ನು ಪಕ್ಕದವಳ ಕೈಗೆ ಹಚ್ಚುತ್ತಾಳೆ. ಸೋಮವಾರ ತುಂಬಿದ ಡಬ್ಬಿ ಶುಕ್ರವಾರದ ಹೊತ್ತಿಗೆ ತಳ ಕಾಣುತ್ತದೆ.