ಕನ್ನಂಬಾಡಿಯ ಚುಕ್ಕೆ ಕೊಚ್ಚಿಹೋದದ್ದು

ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಮಂಡ್ಯದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಪೇಪರ್ ಕೈಗೆ ಬಂದರೆ ಮೊದಲು ನೋಡುವುದೇ ಆ ಪುಟ್ಟ ಬಾಕ್ಸು. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅಂಥ ಊರಿನ ಕಾಲೇಜಿನ ಪತ್ರಿಕೆಯಲ್ಲಿ, ಎರಡು ಪುಟದ ಉದ್ದಕ್ಕೂ ದಪ್ಪ ಅಕ್ಷರದಲ್ಲಿ, ನಾನು 12480 ಅಡಿ ಅಂತ ಅಚ್ಚು ಹಾಕಿಸಿದೆ. 500 ಪ್ರತಿ.

ನನ್ನ ಕೆಲಸ ಮೈಸೂರಿನಲ್ಲಿ, ಪುಟವಿನ್ಯಾಸ. ವಾರಕ್ಕೆ ಎರಡು ದಿನ ಮಂಡ್ಯದ ಒಂದು ಕಾಲೇಜಿನ ಪತ್ರಿಕೋದ್ಯಮ ವಿಭಾಗಕ್ಕೆ ಗೆಸ್ಟ್ ಆಗಿ ಹೋಗುತ್ತೇನೆ. ಕೊನೆಯ ವರ್ಷದವರ ಪ್ರಾಜೆಕ್ಟ್ ಅಂದರೆ ಒಂದು ಮ್ಯಾಗಜೀನ್. ಎ4 ಸೈಜು, 48 ಪುಟ, ಸೆಂಟರ್ ಪಿನ್ (ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವಿನ ಮಡಿಕೆಗೆ ಪಿನ್ ಹೊಡೆಯುವುದು). ಬರೆಯುವುದು, ಫೋಟೊ ತೆಗೆಯುವುದು, ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಕೂರಿಸುವುದು ಎಲ್ಲ ಅವರೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಮಾಡುವುದು, ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಹಾಕದೆ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಿದ್ದುಕೊಂಡಾಗ ಗಾಬರಿಯಾಗುವುದು, ಇವೆಲ್ಲ ಪ್ರತಿ ವರ್ಷದ ಗೋಳು. ಅದನ್ನು ಬಿಡಿ.

ಈ ಸಲ ಮಧ್ಯದ ಸ್ಪ್ರೆಡ್, ಅಂದರೆ ಎದುರುಬದುರಿನ ಎರಡು ಪುಟ, ಕನ್ನಂಬಾಡಿಗೆ ಅಂತ ಆಯಿತು. 24–25ನೇ ಪುಟ. ಪಾಂಡವಪುರ ಕಡೆಯ ಒಬ್ಬ ಹುಡುಗ ಲೇಖನ ಬರೆದಿದ್ದ. 1911ರಲ್ಲಿ ಕೆಲಸ ಶುರುವಾದದ್ದು, ಸುರ್ಕಿ ಗಾರೆಯಲ್ಲಿ ಕಟ್ಟಿದ್ದು, ಆಮೇಲೆ ವಿ.ಸಿ. ನಾಲೆ, ಆಮೇಲೆ ಅವರಪ್ಪನ ಕಬ್ಬಿನ ಗದ್ದೆ. ಚೆನ್ನಾಗಿತ್ತು, ಆದರೆ ಪುಟಕ್ಕೆ ಹಿಡಿಸುವುದರ ಮೂರರಷ್ಟಿತ್ತು. ಕತ್ತರಿಸುವಾಗ ಅಪ್ಪನ ಮಾತು ಮಾತ್ರ ತೆಗೆಯಬೇಡಿ ಮೇಡಂ ಅಂದ. ಅದನ್ನು ಎತ್ತಿ ದೊಡ್ಡ ಅಕ್ಷರದ ಪುಲ್ ಕೋಟ್ ಮಾಡಿದೆವು.

ವಿನ್ಯಾಸದ ಐಡಿಯಾ ಮಾತ್ರ ನನ್ನದೇ. ಮಕ್ಕಳ ಪ್ರಾಜೆಕ್ಟಿನಲ್ಲಿ ಕೈ ಹಾಕಬಾರದು ಅಂತ ಗೊತ್ತಿದ್ದೂ ಹಾಕಿದೆ. ಎಡಪುಟ ಪೂರ್ತಿ ಹಿನ್ನೀರು. ಬಲಪುಟದಲ್ಲಿ ನಾಲೆ, ಗದ್ದೆ. ನಡುವಿನ ಮಡಿಕೆಯೇ ಕಟ್ಟೆ. ಮೇಲೆ ಬಿಳಿ ಅಕ್ಷರದಲ್ಲಿ ಎಡಕ್ಕೆ 124, ಬಲಕ್ಕೆ 80. ನಡುವಿನ ಚುಕ್ಕೆ ಸರಿಯಾಗಿ ಮಡಿಕೆಯ ಮೇಲೆ, ಕಟ್ಟೆಯ ಮೇಲೆ ಕೂತ ಹಾಗೆ. ಒಂಬತ್ತು ಮಿಲಿಮೀಟರಿನ ಗುಂಡು ಚುಕ್ಕೆ. ಅರ್ಧ ಆ ಕಡೆ, ಅರ್ಧ ಈ ಕಡೆ. ಸೆಂಟರ್ ಪಿನ್‌ನಲ್ಲಿ ನಡುವಿನ ಎರಡು ಪುಟ ಒಂದೇ ಹಾಳೆ, ಹಾಗಾಗಿ ಏನೂ ತೊಂದರೆಯಿಲ್ಲ. ಡಮ್ಮಿ, ಅಂದರೆ ಮಾದರಿ ಪ್ರತಿ ಮಾಡಿ, ಪಿನ್ ಹೊಡೆದು ನೋಡಿದೆವು. ಸೊಗಸಾಗಿತ್ತು. ನಾನೇ ಎರಡು ದಿನ ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಅಚ್ಚಿನ ಪ್ಲೇಟಿಗೆ ಹೋಗಲು ನಾಲ್ಕು ದಿನ ಇದ್ದಾಗ ಮೇಲಿನಿಂದ ಅಪ್ಪಣೆ ಬಂತು. ಮುಂದೆ ಎಂಟು ಪುಟ ಸೇರಿಸಬೇಕು: ಸಂದೇಶಗಳು, ಆಡಳಿತ ಮಂಡಳಿಯವರ ಫೋಟೊ, ಕ್ರೀಡಾಕೂಟ. ಜೊತೆಗೆ, ಪಿನ್ ಬೇಡ, ಪರ್ಫೆಕ್ಟ್ ಬೈಂಡಿಂಗ್, ಅಂದರೆ ಬೆನ್ನಿಗೆ ಅಂಟು ಹಾಕುವ ಬೈಂಡಿಂಗ್ ಆಗಲಿ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ಕಪಾಟಿನಲ್ಲಿ ನಿಲ್ಲಿಸಬೇಕಂತೆ, ಬೆನ್ನಿನ ಮೇಲೆ ಕಾಲೇಜಿನ ಹೆಸರು ಕಾಣಬೇಕಂತೆ. 56 ಪುಟಕ್ಕೆ ಬೆನ್ನು ಬರುವುದು ಮೂರು ಮಿಲಿಮೀಟರ್ ಚಿಲ್ಲರೆ. ಅದರಲ್ಲಿ ಹೆಸರು ಓದಲು ಭೂತಗನ್ನಡಿ ಬೇಕು. ಹೇಳಿದೆ. ಕೇಳಲಿಲ್ಲ.

24–25 ಹೋಗಿ 32–33 ಆಯಿತು. ಎಂಟು ಪುಟಕ್ಕೊಂದು ಫಾರಂ, ಅಂದರೆ ಎಂಟು ಪುಟ ಒಟ್ಟಿಗೆ ಅಚ್ಚಾಗುವ ಒಂದು ದೊಡ್ಡ ಹಾಳೆ. ಅಂದರೆ 32 ನಾಲ್ಕನೇ ಫಾರಮ್ಮಿನ ಕೊನೇ ಪುಟ, 33 ಐದನೆಯದರ ಮೊದಲ ಪುಟ. ಇದು ನನಗೆ ತಕ್ಷಣ ಹೊಳೆಯಿತು. ಆದರೆ ಹೊಳೆದದ್ದು ಅರ್ಧ. ಎರಡು ಫಾರಂ ಅಂದರೆ ನೀರಿನ ನೀಲಿ ಎರಡು ಥರ ಬರುತ್ತದೆ ಅಂತ ಭಯವಾಯಿತೇ ಹೊರತು ಚುಕ್ಕೆ ನೆನಪಿಗೇ ಬರಲಿಲ್ಲ.

ಆ ಹುಡುಗ ಕೇಳಿದ್ದ. "ಮೇಡಂ, ಬೈಂಡಿಂಗ್ ಚೇಂಜ್ ಆಯ್ತಲ್ಲ, ಇನ್ನೊಂದು ಡಮ್ಮಿ ಮಾಡೋಣ್ವಾ?"

"ಮಾಡಿದ್ದೀವಲ್ಲೋ. ಸುಮ್ನೆ ಪುಟದ ನಂಬರ್ ತಿದ್ದು" ಅಂದೆ.

ಪಿಡಿಎಫ್ ವಾಟ್ಸಾಪಿಗೆ ಹೋಯಿತು. ಎಲ್ಲರೂ ಮೊಬೈಲಿನಲ್ಲೇ ನೋಡಿದರು. ಎಚ್‌ಒಡಿ ಸರ್ ಹೆಬ್ಬೆರಳು ಒತ್ತಿದರು. ಮೊಬೈಲಿನಲ್ಲಿ ಪತ್ರಿಕೆಗೆ ಬೆನ್ನೇ ಇರುವುದಿಲ್ಲ. ಚುಕ್ಕೆ ಹುಣ್ಣಿಮೆ ಚಂದ್ರನ ಹಾಗೆ ಕಾಣುತ್ತಿತ್ತು.

ಅಚ್ಚಿನ ದಿನ ಮೈಸೂರಿನ ಪ್ರೆಸ್ಸಿನಲ್ಲಿ ಮೂರು ಗಂಟೆ ಮೆಷಿನ್ ಪಕ್ಕ ನಿಂತಿದ್ದೆ. ನಾಲ್ಕನೇ ಫಾರಮ್ಮಿನ ಶೀಟು ಕೈಯಲ್ಲಿ ಹಿಡಿದು, ಐದನೆಯದು ಬಂದ ಹಾಗೆಲ್ಲ ಪಕ್ಕದಲ್ಲಿಟ್ಟು ನೋಡುವುದು. ಬಲಗಡೆ ಸ್ವಲ್ಪ ಹಸಿರು ಹೊಡೀತಿದೆ, ಹಳದಿ ಇಳಿಸಿ ಅಣ್ಣ. ಈಗ ಸಯಾನ್ ಜಾಸ್ತಿ ಆಯ್ತು. ಮೆಷಿನ್ ಅಣ್ಣ ನಾಲ್ಕು ಸಲ ಸರಿ ಮಾಡಿದರು, ಐದನೇ ಸಲ ಮುಖ ಗಂಟಿಕ್ಕಿಕೊಂಡೇ ಮಾಡಿದರು. ಕೊನೆಗೆ ಎರಡೂ ಶೀಟನ್ನು ಮೇಜಿನ ಮೇಲೆ ಅಂಚಿಗೆ ಅಂಚು ಜೋಡಿಸಿದೆ. ನೀಲಿಗೆ ನೀಲಿ ಸೇರಿತು. ಅರ್ಧ ಚುಕ್ಕೆಗೆ ಅರ್ಧ ಚುಕ್ಕೆ ಸೇರಿ ಪೂರ್ತಿ ಗುಂಡಗಾಯಿತು. ಖುಷಿ ತಡೆಯಲಾಗದೆ ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಆ ಸ್ಟೇಟಸ್ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಿಡುಗಡೆ ಬೆಳಿಗ್ಗೆ ಹನ್ನೊಂದಕ್ಕೆ. ಬಂಡಲ್ ಬಂದದ್ದು ಒಂಬತ್ತೂವರೆಗೆ. ಹುಡುಗ ಮೊದಲ ಪ್ರತಿ ತೆಗೆದು ತನ್ನ ಪುಟಕ್ಕೆ ಹೋದ. ನಗಲಿಲ್ಲ. ಪುಟ ಅಗಲಿಸಿ ಹೆಬ್ಬೆರಳಿಂದ ಒತ್ತಿದ. ಇನ್ನೊಂದು ಪ್ರತಿ ತೆಗೆದ. ಅದನ್ನೂ ಒತ್ತಿದ.

"ಮೇಡಂ, ಇದು ಹನ್ನೆರಡು ಸಾವಿರ ಆಯ್ತಲ್ಲ?"

ಕೈಗೆ ತೆಗೆದುಕೊಂಡೆ. ಎಡಕ್ಕೆ 124, ಬಲಕ್ಕೆ 80, ನಡುವೆ ಏನೂ ಇಲ್ಲ. ಅಂಟು ಹಾಕುವ ಮುಂಚೆ ಬೆನ್ನನ್ನು ಮೂರು ಮಿಲಿಮೀಟರ್ ತರಿಯುತ್ತಾರೆ. ಉಳಿದದ್ದು ಅಂಟಿನ ಹತ್ತಿರ ಒಳಗೆ ಬಾಗಿಕೊಳ್ಳುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ. ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತೆ ಅಂತಲೂ ಹೇಳುತ್ತೇನೆ.

ಆಮೇಲಿನ ಒಂದೂವರೆ ಗಂಟೆ ಹೇಗೆ ಹೋಯಿತೋ. ಸ್ಟಿಕ್ಕರ್ ಮಾಡಿಸಲು ಸಮಯವಿಲ್ಲ. ಬಿಳಿ ಅಕ್ಷರ, ಬಿಳಿ ಚುಕ್ಕೆ. ಯಾರೋ ವೈಟ್ನರ್ ಅಂದರು. ಆಫೀಸಿನಿಂದ ಎರಡು, ಎದುರಿನ ಅಂಗಡಿಯಿಂದ ಐದು ಪೆನ್ನು ಬಂದವು. ವೇದಿಕೆಗೆ, ಮುಂದಿನ ಎರಡು ಸಾಲಿಗೆ ಅಂತ 60 ಪ್ರತಿಗೆ ಮಾತ್ರ ಚುಕ್ಕೆ ಇಡುವುದು ಅಂತ ತೀರ್ಮಾನ. ಎಂಟು ಮಕ್ಕಳು ನೆಲದ ಮೇಲೆ ಕೂತು 80ರ ಹಿಂದೆ ಚುಕ್ಕೆ ಇಟ್ಟರು. ಒಬ್ಬಳು ರಂಗೋಲಿಯ ಹಾಗೆ ಇಟ್ಟಳು, ಒಬ್ಬ ಕಾಗೆ ಹಿಕ್ಕೆಯ ಹಾಗೆ. ಚುಕ್ಕೆ ಇಟ್ಟ ಪ್ರತಿಯನ್ನೆಲ್ಲ ನಾನು ಬೇಗ ಬೇಗ ಮುಚ್ಚಿ ಜೋಡಿಸಿದೆ. ಇದು ಆ ದಿನದ ಎರಡನೇ ತಪ್ಪು. ಮ್ಯಾಟ್ ಆರ್ಟ್ ಪೇಪರಿನ ಮೇಲೆ ದಪ್ಪಗೆ ಬಿದ್ದ ವೈಟ್ನರ್ ಅಷ್ಟು ಬೇಗ ಒಣಗುವುದಿಲ್ಲ.

ಮುಖ್ಯ ಅತಿಥಿಗಳು ಟೇಪ್ ಬಿಚ್ಚಿ ಪತ್ರಿಕೆ ಎತ್ತಿ ಹಿಡಿದರು, ಚಪ್ಪಾಳೆ ಆಯಿತು. ಸುಮ್ಮನೆ ಕೂರಬಹುದಿತ್ತು. ಒಳ್ಳೆಯ ಮನುಷ್ಯರು, ಪುಟ ತಿರುಗಿಸತೊಡಗಿದರು. ಸಂದೇಶ, ಸಂದೇಶ, ಕ್ರೀಡಾಕೂಟ. ನಾನು ಬಾಗಿಲ ಹತ್ತಿರ ನಿಂತು ಎಣಿಸುತ್ತಿದ್ದೆ. 32ಕ್ಕೆ ಬಂದಾಗ ಪುಟ ಬಿಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ನೋಡಿದರು. ಎಳೆದರು. ಮೈಕ್ ಮುಂದೆಯೇ ಇತ್ತು, ಪರ್ ಅಂತ ಸಭೆಗೆಲ್ಲ ಕೇಳಿಸಿತು. 124ರ ನಾಲ್ಕರ ಮೇಲಿನ ಪದರ ಕಿತ್ತು ಚುಕ್ಕೆಗೆ ಅಂಟಿಕೊಂಡಿತು. ಅವರು ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು, ಬಹಳ ಒಳ್ಳೆಯ ಪ್ರಯತ್ನ ಅಂತ ಪ್ರಿನ್ಸಿಪಾಲರಿಗೆ ಹೇಳಿದರು.

ಹುಡುಗನ ಅಪ್ಪ ಹಿಂದಿನ ಸಾಲಿನಲ್ಲಿದ್ದರು. ಅವರಿಗೆ ಸಿಕ್ಕಿದ್ದು ಚುಕ್ಕೆ ಇಲ್ಲದ ಪ್ರತಿ. ಊಟದ ಹೊತ್ತಿಗೆ ಹತ್ತಿರ ಬಂದರು. ನಾನು ಕ್ಷಮೆ ಕೇಳುವ ಮೊದಲೇ ಅವರೇ ನಕ್ಕರು. "ಅಷ್ಟು ನೀರು ನಿಂತ್ರೆ ಯಾರ್ ಜೊತೇಲೂ ಜಗಳನೇ ಇರಲ್ಲ ಬುಡಿ ಮೇಡಂ. ಕೇಳ್ದೋರಿಗೆಲ್ಲ ಬುಟ್ಬುಡಬೋದು." ತಮ್ಮ ಮಾತಿರುವ ಪುಟ ಅಂತ ನಾಲ್ಕು ಪ್ರತಿ ಜಾಸ್ತಿ ತೆಗೆದುಕೊಂಡು ಹೋದರು.

ಮರುವಾರ ಬೇರೆ ಕೆಲಸಕ್ಕೆ ಪ್ರೆಸ್ಸಿಗೆ ಹೋಗಿದ್ದೆ. ಬೈಂಡಿಂಗ್ ನೋಡಿಕೊಳ್ಳುವ ಹಿರಿಯರಿಗೆ ಪುಟ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಬೆನ್ನಲ್ಲಿ ಚುಕ್ಕೆ ಇಟ್ಟೀಯೇನಮ್ಮ? ಕೇಳಬಾರದಿತ್ತಾ? ನಾನಿಲ್ಲೇ ಕೂತಿದ್ದೆನಲ್ಲ."

ಹೌದು. ಆ ಮೂರು ಗಂಟೆ ಅವರು ನನ್ನಿಂದ ಹತ್ತಡಿ ದೂರದಲ್ಲಿ ಕೂತು ಮದುವೆ ಕಾರ್ಡು ಮಡಿಸುತ್ತಿದ್ದರು.

ಈಗ ಅಂಟು ಬೈಂಡಿಂಗ್ ಅಂದರೆ ಒಳ ಅಂಚಿನಲ್ಲಿ ಎರಡೂ ಕಡೆ ಹತ್ತು ಹತ್ತು ಮಿಲಿಮೀಟರ್ ಅಕ್ಷರ ಬರದ ಹಾಗೆ ಗೈಡ್ ಹಾಕಿಸುತ್ತೇನೆ. ಫೋಟೊ ದಾಟಲಿ, ಅಡ್ಡಿಯಿಲ್ಲ, ಮುಖ ಮಾತ್ರ ನಡುವೆ ಬರಬಾರದು. ತಲೆಬರಹ ದಾಟಲೇಬೇಕೆಂದರೆ ಎರಡು ಪದದ ನಡುವೆ ದಾಟಲಿ. ಬೈಂಡಿಂಗ್ ಬದಲಾದರೆ ಡಮ್ಮಿಯೂ ಹೊಸದು, ಆ ಹುಡುಗನನ್ನೇ ಕೂರಿಸಿ ಮಾಡಿಸುತ್ತೇನೆ. ಅವನು ಈಗ ಅಂಟಿನ ಡಬ್ಬಿ ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತಾನೆ.

ಮೊನ್ನೆ ಪ್ರಿನ್ಸಿಪಾಲರು ಕರೆದು, ಮುಂದಿನ ಸಂಚಿಕೆಗೆ ಹಾರ್ಡ್ ಬೈಂಡಿಂಗ್ ಆಗುತ್ತದಾ ಅಂತ ಕೇಳಿದರು. ಪುಟ ಎಷ್ಟು ಅಂತ ಮೊದಲು ಹೇಳಿಬಿಡಿ ಸರ್, ಅಂದೆ.

ನೋಡೋಣ, ಅಂದರು.