ರಾತ್ರಿ ಎರಡೂವರೆಯ ಲಾಗ್ ಯಾವ ಫೈಲಿನಲ್ಲಿದೆ?

ಲಾಗ್ ಎಂದರೆ ಸರ್ವರಿನ ಪ್ರೋಗ್ರಾಂಗಳು ತಮ್ಮಲ್ಲಿ ನಡೆದದ್ದನ್ನು ಸಮಯದ ಸಹಿತ ಬರೆದಿಡುವ ದಾಖಲೆ. ಅದನ್ನು ಓದಲು ನಮ್ಮ ತಂಡ ಬಳಸುವ ಲಾಗ್ ವೀಕ್ಷಕವು ಟರ್ಮಿನಲ್ ಎಂಬ, ಅಕ್ಷರಗಳಲ್ಲೇ ಆದೇಶ ಕೊಟ್ಟು ಉತ್ತರ ಓದುವ ಕಿಟಕಿಯ ಒಳಗೇ ಓಡುವ ಒಂದು ಪೈಥಾನ್ ಪ್ರೋಗ್ರಾಂ. ಎಸ್‌ಎಸ್‌ಎಚ್ ಎಂಬ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸೇರುವ ವಿಧಾನದ ಮೂಲಕ ಸರ್ವರಿಗೆ ಲಾಗಿನ್ ಆಗಿ ಅದನ್ನು ತೆರೆದರೆ ಎಡಗಡೆ ಫೈಲುಗಳ ಪಟ್ಟಿಯೂ ಬಲಗಡೆ ಆಯ್ದ ಫೈಲಿನ ಸಾಲುಗಳೂ ಕಾಣುತ್ತವೆ. ಸಾಲುಗಳನ್ನು ಓದುವ ಭಾಗವನ್ನು ತಂಡದವರು ಹಲವು ಸಲ ತಿದ್ದಿ ವೇಗಗೊಳಿಸಿದ್ದರು. ಪಟ್ಟಿ ಮಾತ್ರ ಮೊದಲಿನಿಂದಲೂ ಹೆಸರಿನ ಅಕ್ಷರಕ್ರಮದಲ್ಲೇ ಉಳಿದಿತ್ತು. ಲಾಗ್‌ರೊಟೇಟ್ ಎಂಬ, ಲಾಗನ್ನು ಆಗಾಗ ಹೊಸ ಫೈಲಿಗೆ ಬದಲಿಸುವ ಸಾಧನ ಹಳೆಯ ಫೈಲುಗಳ ಹೆಸರಿನ ಕೊನೆಗೆ 1, 2, 3 ಎಂದು ಅಂಕಿ ಸೇರಿಸುತ್ತ ಹೋಗುವುದರಿಂದ ಆ ಕ್ರಮದಲ್ಲಿ 1ರ ಬೆನ್ನಿಗೆ 10, 11, 12 ಬಂದು, ಅವೆಲ್ಲ ಮುಗಿದ ಮೇಲೆ 2 ಬರುತ್ತಿತ್ತು. ಇದನ್ನು ಸರಿಪಡಿಸುವ ಕೆಲಸವೂ ಶಾರ್ಟ್‌ಕಟ್ ಕೀಲಿಗಳನ್ನು ಮರುಜೋಡಿಸುವ ಕೆಲಸವೂ ನನ್ನ ಪಾಲಿಗೆ ಬಂದಾಗ, ಕೋಡ್ ಮುಟ್ಟುವ ಮೊದಲು, ಈ ಸಾಧನವನ್ನು ದಿನವೂ ಬಳಸುವ ಸಪೋರ್ಟ್ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಒಂದು ದಿನ ಕುಳಿತು ನೋಡಲು ಅನುಮತಿ ಕೇಳಿದೆ.

ಅಂದು ಅವರ ಮುಂದಿದ್ದ ದೂರು, ಹಿಂದಿನ ರಾತ್ರಿ ಎರಡೂವರೆಯ ಹೊತ್ತಿಗೆ ಕೆಲವು ಪಾವತಿಗಳು ಅರ್ಧಕ್ಕೇ ನಿಂತುಹೋಗಿದ್ದರ ಕುರಿತಾಗಿತ್ತು. ಅವರು ಒಂದು ಫೈಲನ್ನು ತೆರೆದು, ಮೊದಲ ಸಾಲಿನ ಸಮಯ ನೋಡಿ, ಮುಚ್ಚಿ, ಮತ್ತೊಂದನ್ನು ತೆರೆಯುತ್ತಿದ್ದರು. ಪಕ್ಕದ ಕಾಗದದಲ್ಲಿ ಎರಡೂವರೆಯಿಂದ ಐದೂವರೆ ಗಂಟೆಯನ್ನು ಕಳೆದು ಬರೆದ ಲೆಕ್ಕವೂ ಇತ್ತು. ಯಾವ ಹೆಸರಿನ ಫೈಲನ್ನು ಹುಡುಕುತ್ತಿದ್ದೀರಿ ಮೇಡಂ ಎಂದು ಕೇಳಿದ್ದಕ್ಕೆ, “ಹೆಸರು ತಗೊಂಡು ನಾನೇನು ಮಾಡ್ಲಿ? ಎರಡೂವರೆಗೆ ಏನಾಯ್ತು ಅನ್ನೋದು ಗೊತ್ತಾದ್ರೆ ಸಾಕು” ಎಂದರು.

ಮುಂದೆ ನಾನು ಮಾಡಿದ ಕೆಲಸವೆಲ್ಲ ಈ ಒಂದು ಮಾತನ್ನೇ ಹಿಡಿದು ನಡೆಯಿತು. ನಮ್ಮ ಸರ್ವರುಗಳು ಲಾಗ್ ಬರೆಯುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಭಾರತದಲ್ಲಿ ನಡುರಾತ್ರಿ ದಾಟಿ 2:30 ಆಗಿರುವಾಗ ಅಲ್ಲಿ ಹಿಂದಿನ ದಿನದ 21:00 ಗಂಟೆ. ಯುಟಿಸಿ ದಿನ ಬದಲಾಗುವುದು ನಮ್ಮ ಬೆಳಗಿನ 5:30ಕ್ಕೆ. ಆದ್ದರಿಂದ ದಿನಾಂಕವೇ ಹೆಸರಾಗಿರುವ ಫೈಲುಗಳಲ್ಲಿ ಹದಿನಾಲ್ಕನೆಯ ತಾರೀಖಿನ ರಾತ್ರಿ ಎರಡೂವರೆಯ ಘಟನೆ ಹದಿಮೂರರ ಫೈಲಿನಲ್ಲಿ ಕುಳಿತಿರುತ್ತದೆ. ನಿದ್ದೆಗೆಟ್ಟು ದುಡಿಯುವವರ ತಲೆಗೆ ಈ ಲೆಕ್ಕವನ್ನು ಪ್ರತಿ ಸಲವೂ ಹೊರಿಸುವುದು ನ್ಯಾಯವಲ್ಲ. ಯಂತ್ರ ಒಂದು ಕ್ಷಣದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಅದು.

ಹಾಗಾಗಿ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಪ್ರತಿ ಫೈಲೂ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗಿನದು ಎಂಬುದನ್ನು ಭಾರತೀಯ ಸಮಯದಲ್ಲಿ ತೋರಿಸಿ, ಅದೇ ಕ್ರಮದಲ್ಲಿ ಜೋಡಿಸಬೇಕೆಂದು ತೀರ್ಮಾನಿಸಿದೆ. ಸಾಮಾನ್ಯ ಫೈಲಿನಲ್ಲಿ ಇದು ಸುಲಭ, ಏಕೆಂದರೆ ಮೊದಲ ಕೆಲವು ಕಿಲೋಬೈಟುಗಳನ್ನೂ ಕೊನೆಯ ಕೆಲವನ್ನೂ ಓದಿದರೆ ಎರಡು ತುದಿಗಳ ಸಮಯ ಸಿಗುತ್ತದೆ. ಜಿಜಿಪ್ ಎಂಬ ತಂತ್ರಾಂಶದಿಂದ ಕುಗ್ಗಿಸಿಟ್ಟ ಹಳೆಯ ಫೈಲುಗಳಲ್ಲಿ ಆರಂಭ ಮಾತ್ರ ಅಗ್ಗವಾಗಿ ದೊರೆಯುತ್ತದೆ. ಕೊನೆಯ ಸಾಲನ್ನು ನೋಡಬೇಕಾದರೆ ಇಡೀ ಫೈಲನ್ನು ಬಿಚ್ಚಬೇಕು, ಪಟ್ಟಿ ತೋರಿಸುವುದಕ್ಕಾಗಿಯೇ ನೂರಾರು ಮೆಗಾಬೈಟ್ ಬಿಚ್ಚುವುದು ಸಾಧ್ಯವಿಲ್ಲದ ಮಾತು. ಇಲ್ಲಿ ನೆರವಿಗೆ ಬಂದದ್ದು ಜಿಜಿಪ್‌ನ ಒಂದು ಹಳೆಯ ನಡವಳಿಕೆ: ಫೈಲನ್ನು ಕುಗ್ಗಿಸುವಾಗ ಮೂಲ ಫೈಲು ಕೊನೆಯ ಬಾರಿ ಬದಲಾದ ಸಮಯವನ್ನೇ ಅದು ಹೊಸ ಫೈಲಿಗೂ ಉಳಿಸಿಕೊಡುತ್ತದೆ. ಲಾಗ್ ಫೈಲಿನ ಮಟ್ಟಿಗೆ ಆ ಸಮಯವೆಂದರೆ ಹೆಚ್ಚುಕಡಿಮೆ ಕೊನೆಯ ಸಾಲು ಬರೆದ ಹೊತ್ತು. ಯಾರಾದರೂ ಸಮಯ ಉಳಿಸದೆ ನಕಲು ಮಾಡಿದ ಫೈಲಾಗಿದ್ದರೆ ಈ ಗುರುತು ನಂಬಲು ಬರುವುದಿಲ್ಲ. ಅಂಥ ಕಡೆ ಸರಣಿಯ ಮುಂದಿನ ಫೈಲಿನ ಮೊದಲ ಸಾಲನ್ನೇ ಮೇರೆಯಾಗಿ ಹಿಡಿದೆ.

ಈಗ ಪಟ್ಟಿಯಲ್ಲಿ ನೇರವಾಗಿ 2:30 ಎಂದು ಟೈಪ್ ಮಾಡಿದರೆ ಆ ಹೊತ್ತನ್ನು ಒಳಗೊಂಡ ಫೈಲುಗಳಷ್ಟೇ ಉಳಿಯುತ್ತವೆ; ಅಕ್ಷರಗಳನ್ನು ಟೈಪ್ ಮಾಡಿದರೆ ಎಫ್‌ಜಡ್‌ಎಫ್ ಎಂಬ ಹುಡುಕುವ ಸಾಧನ ಬಳಸಿದವರಿಗೆ ಪರಿಚಿತವಾದ ರೀತಿಯಲ್ಲಿ, ನಡುವೆ ಅಕ್ಷರ ಬಿಟ್ಟುಹೋಗಿದ್ದರೂ ಹೆಸರುಗಳು ಹೊಂದಿಕೊಳ್ಳುತ್ತವೆ. ಒಂದು ಪಾವತಿ ಮೂರು ಸೇವೆಗಳನ್ನು ಹಾದುಹೋಗುವುದರಿಂದ ಒಂದೇ ಫೈಲು ಆರಿಸುವುದು ಸಾಲದು. ಸ್ಪೇಸ್ ಒತ್ತಿ ಹಲವನ್ನು ಗುರುತು ಮಾಡಿದರೆ ಅವುಗಳ ಸಾಲುಗಳು ಸಮಯಕ್ಕೆ ತಕ್ಕಂತೆ ಹೆಣೆದುಕೊಂಡು ಒಂದೇ ಹರಿವಾಗಿ ಕಾಣುತ್ತವೆ. ಎಲ್‌ನ್ಯಾವ್ ಎಂಬ ಮುಕ್ತ ತಂತ್ರಾಂಶ ಇದನ್ನು ಬಹಳ ಕಾಲದಿಂದ ಚೆನ್ನಾಗಿ ಮಾಡುತ್ತ ಬಂದಿದೆ, ಅದನ್ನು ನೋಡಿಯೇ ನಾನು ಕಲಿತೆ.

ಕೀಲಿಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಬಳಸುವವರ ಬೆರಳುಗಳಿಗೆ ಆಗಲೇ ಒಂದು ಅಭ್ಯಾಸವಿರುತ್ತದೆ, ಅದನ್ನು ಕೆಡಿಸುವ ಹಕ್ಕು ನಮಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 1976ರ ಸುಮಾರಿಗೆ ಬಿಲ್ ಜಾಯ್ ವಿಐ ಸಂಪಾದಕವನ್ನು ಬರೆದಾಗ ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದವು; ಅಲ್ಲಿಂದ ಬಂದ ಜೆ ಮತ್ತು ಕೆ ಇಂದಿಗೂ ಫೈಲು ಓದುವ ಸಾಧನವಾದ ಲೆಸ್‌ನಲ್ಲಿ ಸಾಲು ಕೆಳಗಿಳಿಸುತ್ತವೆ, ಮೇಲೇರಿಸುತ್ತವೆ. ಹುಡುಕಲು ಓರೆಗೆರೆ, ಮುಂದಿನ ಹೊಂದಿಕೆಗೆ ಎನ್, ಕೊನೆಗೆ ಹೋಗಲು ಶಿಫ್ಟ್ ಜಿ, ಹೊರಬರಲು ಕ್ಯೂ: ಇವನ್ನೆಲ್ಲ ಇದ್ದಂತೆಯೇ ಉಳಿಸಿದೆ. ಮುಂದಿನ ದೋಷಕ್ಕೆ ಇ, ಹಿಂದಿನದಕ್ಕೆ ಶಿಫ್ಟ್ ಇ ಎಂಬುದನ್ನು ಎಲ್‌ನ್ಯಾವ್‌ನಿಂದ ತೆಗೆದುಕೊಂಡೆ.

ಹೊಸದಾಗಿ ಕೀಲಿ ಕೊಡುವಾಗ ಟರ್ಮಿನಲ್‌ನ ಮಿತಿಗಳು ಎದುರಾಗುತ್ತವೆ. ಸಾಮಾನ್ಯವಾಗಿ ಪ್ರೋಗ್ರಾಮಿಗೆ ತಲುಪುವುದು ಒತ್ತಿದ ಕೀಲಿಯಲ್ಲ, ಅದರಿಂದ ಹುಟ್ಟಿದ ಬೈಟುಗಳು. ಕಂಟ್ರೋಲ್ ಐ ಮತ್ತು ಟ್ಯಾಬ್ ಎರಡೂ 9 ಎಂಬ ಒಂದೇ ಬೈಟಾಗಿ ಬರುತ್ತವೆ. ಕಂಟ್ರೋಲ್ ಎಂ ಮತ್ತು ಎಂಟರ್ ಎರಡೂ 13. ಪಟ್ಟಿಗೂ ಸಾಲುಗಳಿಗೂ ನಡುವೆ ಓಡಾಡಲು ಟ್ಯಾಬ್ ಇಟ್ಟ ಮೇಲೆ ಕಂಟ್ರೋಲ್ ಐಗೆ ಬೇರೆ ಕೆಲಸ ಕೊಡಲಾಗದು. ಕಂಟ್ರೋಲ್ ಎಸ್ ಒತ್ತಿದರೆ ಹಳೆಯ ಹರಿವು ನಿಯಂತ್ರಣದ ಪದ್ಧತಿಯಂತೆ ಪರದೆ ಸ್ತಬ್ಧವಾಗುತ್ತದೆ, ಕಂಟ್ರೋಲ್ ಕ್ಯೂ ಒತ್ತುವವರೆಗೆ ಏನೂ ಕದಲುವುದಿಲ್ಲ. ಸರ್ವರೇ ಕೈಕೊಟ್ಟಿತು ಎಂಬ ಗಾಬರಿ ಹುಟ್ಟಿಸುವ ಸಂಗತಿ ಇದು, ಆದ್ದರಿಂದ ವೀಕ್ಷಕ ತೆರೆದಿರುವಷ್ಟು ಹೊತ್ತು ಆ ನಿಯಂತ್ರಣವನ್ನು ನಿಲ್ಲಿಸಿ, ಮುಚ್ಚುವಾಗ ಮೊದಲಿನಂತೆ ಇಟ್ಟು ಹೋಗುವ ವ್ಯವಸ್ಥೆ ಮಾಡಿದೆ. ಎಸ್ಕೇಪ್ ಕೀಲಿಯದು ಬೇರೆ ತೊಡಕು. ಮೇಲ್ಬಾಣದಂಥ ಕೀಲಿಗಳ ಬೈಟುಗಳೂ ಎಸ್ಕೇಪಿನ 27ರಿಂದಲೇ ಶುರುವಾಗುವುದರಿಂದ, 27 ಬಂದ ಮೇಲೆ ಹಿಂದೆ ಇನ್ನೇನಾದರೂ ಬರುತ್ತಿದೆಯೇ ಎಂದು ಪ್ರೋಗ್ರಾಂ ಕಾಯಬೇಕು. ಎನ್‌ಕರ್ಸಸ್ ಎಂಬ, ಟರ್ಮಿನಲ್ ಪರದೆಯನ್ನು ನಿಭಾಯಿಸುವ ಕೋಡ್ ಸಂಗ್ರಹ ತಾನಾಗಿ ಕಾಯುವುದು 1000 ಮಿಲಿಸೆಕೆಂಡು. ಎಸ್ಕೇಪ್ ಒತ್ತಿ ಪಟ್ಟಿ ಮುಚ್ಚಲು ಪ್ರತಿ ಸಲ ಒಂದು ಸೆಕೆಂಡು ತಡವಾದರೆ ಕೈ ತಪ್ಪಿತೆಂದು ಭಾವಿಸಿ ಜನ ಮತ್ತೆ ಒತ್ತುತ್ತಾರೆ. ಕಾಯುವ ಹೊತ್ತನ್ನು ಬಹಳವಾಗಿ ಇಳಿಸಿದೆ.

ಆ ದಿನ ಪಕ್ಕದಲ್ಲಿ ಕುಳಿತಿದ್ದರಿಂದಲೇ ಕಂಡ ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಗ್ರಾಹಕರಿಗೆ ಕನ್ನಡದಲ್ಲಿ ಉತ್ತರ ಬರೆದು ಟರ್ಮಿನಲ್‌ಗೆ ಮರಳಿದಾಗ ಅವರ ಕೀಲಿಮಣೆ ಕನ್ನಡದಲ್ಲೇ ಉಳಿದಿರುತ್ತಿತ್ತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಜೆ ಒತ್ತಿದರೆ ‘ರ’, ಕೆ ಒತ್ತಿದರೆ ‘ಕ’. ಆ ‘ಕ’ ನಮ್ಮ ಪ್ರೋಗ್ರಾಮಿಗೆ 224, 178, 149 ಎಂಬ ಮೂರು ಬಿಡಿ ಬೈಟುಗಳಾಗಿ ಬಂದು, ಯಾವ ಕೆಲಸವೂ ಆಗದೆ ಹೋಗುತ್ತಿತ್ತು. ಮೊದಲು ಅಕ್ಷರವನ್ನು ಇಡಿಯಾಗಿ ಓದುವಂತೆ ತಿದ್ದಿದೆ. ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಕೀಲಿಗೆ ತಾನಾಗಿ ಹೊಂದಿಸಬಹುದೇ ಎಂದು ಯೋಚಿಸಿದಾಗ, ಇನ್‌ಸ್ಕ್ರಿಪ್ಟ್‌ನಲ್ಲಿ ಜೆ ಇಂದ ಬರುವ ‘ರ’ ಕಗಪ ವಿನ್ಯಾಸದಲ್ಲಿ ಆರ್ ಇಂದ ಬರುತ್ತದೆ, ಬಳಸುತ್ತಿರುವ ವಿನ್ಯಾಸ ಯಾವುದೆಂದು ಬೈಟುಗಳು ಹೇಳುವುದಿಲ್ಲ ಎಂಬ ಅಡ್ಡಿ ಕಂಡಿತು. ಊಹೆಯ ಮೇಲೆ ಕೀಲಿ ಓಡಿಸುವುದಕ್ಕಿಂತ, ಕೀಲಿಮಣೆ ಕನ್ನಡದಲ್ಲಿದೆ ಎಂದು ಪರದೆಯ ಕೆಳಗಿನ ಸಾಲಿನಲ್ಲಿ ತಿಳಿಸಿ, ಮುಖ್ಯ ಕೆಲಸಗಳೆಲ್ಲವೂ ಬಾಣ, ಸ್ಪೇಸ್, ಎಂಟರ್, ಟ್ಯಾಬ್‌ಗಳಿಂದಲೂ ಆಗುವಂತೆ ಮಾಡುವುದೇ ಸರಿಯೆನಿಸಿತು. ಈ ಕೀಲಿಗಳು ಭಾಷೆ ಬದಲಾದರೂ ಬದಲಾಗುವುದಿಲ್ಲ.

ಸಿದ್ಧವಾದದ್ದನ್ನು ತೋರಿಸಿದಾಗ ಆ ಸಹೋದ್ಯೋಗಿ ಕೇಳಿದ್ದು ಒಂದೇ: “ನಾನು ನೋಡಿದ್ದನ್ನೇ ಬೆಳಗಿನ ಪಾಳಿಯವರೂ ನೋಡೋ ಹಾಗೆ ಮಾಡಕ್ಕಾಗುತ್ತಾ?” ಅದಕ್ಕೆ ವೈ ಕೀಲಿಯನ್ನು ಕೊಟ್ಟೆ. ಅದನ್ನು ಒತ್ತಿದರೆ ಆಯ್ದ ಫೈಲುಗಳು, ಸಮಯದ ಮೇರೆ, ಹುಡುಕಿದ ಪದ ಎಲ್ಲವೂ ಸೇರಿದ ಒಂದು ಸಾಲಿನ ಆದೇಶ ಕೆಳಗೆ ಮೂಡುತ್ತದೆ. ಟರ್ಮಿನಲ್ ಒಪ್ಪಿದರೆ ಅದು ಎಸ್‌ಎಸ್‌ಎಚ್ ಆಚೆಗಿನ ನಮ್ಮ ಕ್ಲಿಪ್‌ಬೋರ್ಡಿಗೂ ನಕಲಾಗುತ್ತದೆ, ಒಪ್ಪದಿದ್ದರೆ ಮೌಸಿನಿಂದ ಆರಿಸಿಕೊಳ್ಳಬಹುದು. ಈಗ ದೂರಿನ ಟಿಕೆಟ್ಟಿನಲ್ಲಿ ಆ ಸಾಲನ್ನು ಅಂಟಿಸಿ ಅವರು ಮನೆಗೆ ಹೊರಡುತ್ತಾರೆ, ಬೆಳಗಿನವರು ಅದನ್ನೇ ಓಡಿಸಿ ಅಲ್ಲಿಂದ ಮುಂದುವರಿಯುತ್ತಾರೆ.