ಕುಟುಪಾಲಂಗ್‌: ಮಳೆಗೆ ಮುಂಚೆ ಸೂರು ಬಿಗಿದ ದಿನ

ಬಾಂಗ್ಲಾದೇಶದ ಕಾಕ್ಸ್‌ ಬಜಾರ್‌ ಜಿಲ್ಲೆ, ಏಪ್ರಿಲ್‌ ಕೊನೆ. ಕುಟುಪಾಲಂಗ್‌ ಶಿಬಿರದ ಇಳಿಜಾರಿನಲ್ಲಿರುವ ಒಂದು ಸಾಲು ಗುಡಿಸಲುಗಳನ್ನು ಮಳೆಗಾಲಕ್ಕೆ ಬಿಗಿಪಡಿಸುವುದು ಆ ದಿನದ ಕೆಲಸ. 2017ರ ಆಗಸ್ಟ್‌ 25ರ ನಂತರ ಮ್ಯಾನ್ಮಾರಿನ ರಖೈನ್‌ ರಾಜ್ಯ ಬಿಟ್ಟು ಓಡಿಬಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ನಿರಾಶ್ರಿತರಿಗಾಗಿ ಇಲ್ಲಿನ ಕಾಡು ಸವರಿದರು. ಬೇರು ಹೋದ ಮೇಲೆ ಮರಳುಮಣ್ಣಿಗೆ ಹಿಡಿತವಿಲ್ಲ, ಮಳೆ ಬಿದ್ದರೆ ಗುಡ್ಡವೇ ಜಾರುತ್ತದೆ.

ಮೊದಲು ಕಂಬದ ಬುಡ ನೋಡಬೇಕು. ಕಂಬಕ್ಕೆ ಹಾಕುವುದು ದಪ್ಪನೆಯ ಬೊರಾಕ್‌ ಬಿದಿರು, ಗೋಡೆ, ಚಾವಣಿಗೆ ತೆಳ್ಳನೆಯ ಮುಲಿ. ಅವಸರದಲ್ಲಿ ಮೂರು ವರ್ಷ ತುಂಬದ ಎಳೆ ಗಳಗಳೂ ಬಂದವು. ಎಳೆ ಬಿದಿರಿನಲ್ಲಿ ಪಿಷ್ಟ ಹೆಚ್ಚು, ಕುಟ್ಟೆ ಹುಳು ಬೀಳುವುದೇ ಅದಕ್ಕೆ. ಬಿದಿರನ್ನು ಕೃಷ್ಣಪಕ್ಷದಲ್ಲೇ ಕಡಿಯಬೇಕೆನ್ನುವ ನಮ್ಮ ಮಲೆನಾಡಿನವರು ಬುಡದಲ್ಲಿ ಉದುರಿದ ಹುಡಿ ನೋಡಿಯೇ ಕಂಬದ ಗತಿ ಹೇಳಿಯಾರು. ಬೋರಾಕ್ಸ್‌ ಮತ್ತು ಬೋರಿಕ್‌ ಆಮ್ಲದ ದ್ರಾವಣದಲ್ಲಿ ನೆನೆಸಿದ ಗಳಕ್ಕೆ ಹುಳು ಹತ್ತುವುದಿಲ್ಲ. ಆದರೆ ಆ ಮದ್ದು ನೀರಿನಲ್ಲಿ ಕರಗುವಂಥದ್ದು, ಹಸಿಮಣ್ಣಿನಲ್ಲಿ ಹೂತರೆ ತೊಳೆದುಹೋಗುತ್ತದೆ. ಅದಕ್ಕೇ ಕಂಬವನ್ನು ಹೂಳದೆ, ಸಿಮೆಂಟಿನ ಬುಡದ ಮೇಲೆ ನಿಲ್ಲಿಸಿ ಕಬ್ಬಿಣದ ಪಟ್ಟಿ ಹಾಕಿ ಹಿಡಿಸುವುದು.

ಚಾವಣಿಗೆ 4×5 ಮೀಟರ್‌ ತಾಡಪಾಲು. ಅದಕ್ಕೆ ನೇರವಾಗಿ ಮೊಳೆ ಹೊಡೆದರೆ ಗಾಳಿಗೆ ಆ ತೂತಿನಿಂದಲೇ ಹರಿಯುತ್ತದೆ. ಮೇಲೆ ಬಿದಿರಿನ ಸೀಳು ಅಡ್ಡಲಾಗಿಟ್ಟು ಹಗ್ಗ ಬಿಗಿಯಬೇಕು. ಗೋಡೆಯ ಚೌಕಟ್ಟಿಗೆ ಓರೆಯಾಗಿ ಗಳ ಕಟ್ಟದಿದ್ದರೆ ಇಡೀ ಮನೆ ಒಂದೇ ಕಡೆಗೆ ವಾಲುತ್ತದೆ. ಕಾಲುವೆ ತೋಡುವುದನ್ನು ಮೇಲಿನ ಸಾಲಿನಿಂದ ಶುರುಮಾಡಬೇಕು, ಇಲ್ಲದಿದ್ದರೆ ಮೇಲಿನವರ ಸೂರಿನ ನೀರೆಲ್ಲ ಕೆಳಗಿನವರ ಒಲೆಗೆ.

ತೀರಾ ಕಷ್ಟ ಗಂಡಸರಿಲ್ಲದ ಮನೆಗಳದು. ಸಾಮಾನು ಕೊಡುವ ಜಾಗದಿಂದ ಗುಡ್ಡದ ಮೇಲಕ್ಕೆ ಗಳ ಹೊರುವವರು ಯಾರು? ಹೊರೆಯಾಳಿಗೆ ಕೂಲಿ ಕೊಡಲು ತಮಗೆ ಸಿಕ್ಕ ಬಿದಿರಿನಲ್ಲೇ ಒಂದಿಷ್ಟು ಮಾರುತ್ತಾರೆ, ಸೂರು ಅರೆಬರೆಯಾಗುತ್ತದೆ. ಆಳಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸದ ಯೋಜನೆ ಅರ್ಧ ಯೋಜನೆಯೇ.

ಶಿಬಿರದಲ್ಲಿ ತಲೆಗೆ 45 ಚದರ ಮೀಟರ್‌ ಜಾಗ ಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಇಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. 2021ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದಾಗ ಒತ್ತೊತ್ತಾಗಿ ನಿಂತಿದ್ದ ಸಾವಿರಾರು ಗುಡಿಸಲು ಸುಟ್ಟವು.

ಇಟ್ಟಿಗೆ ಮನೆ ಕಟ್ಟಬಾರದೇ ಎಂದರೆ, ಈ ಜನ ವಾಪಸು ಹೋಗುವವರು ಎಂಬ ಕಾರಣಕ್ಕೆ ಬಾಂಗ್ಲಾದೇಶ ಸರ್ಕಾರ ಶಾಶ್ವತ ಕಟ್ಟಡಕ್ಕೆ ಒಪ್ಪುವುದಿಲ್ಲ. 2018ರ ನವೆಂಬರ್‌ನಲ್ಲಿ, 2019ರ ಆಗಸ್ಟ್‌ನಲ್ಲಿ ವಾಪಸಾತಿಗೆ ದಿನ ಗೊತ್ತುಮಾಡಿದರೂ, ಪೌರತ್ವ ಮತ್ತು ಜೀವದ ಭರವಸೆಯಿಲ್ಲದೆ ಹೊರಡಲು ಯಾರೂ ಮುಂದೆ ಬರಲಿಲ್ಲ. ಬಿದಿರು ಮಾತ್ರ ಹಾಳಾಗುತ್ತಲೇ ಇರುತ್ತದೆ. ಮದ್ದಿಲ್ಲದ ಗಳ ಹಾಕಿದಲ್ಲೆಲ್ಲ ಒಂದೆರಡು ಮಳೆಗಾಲಕ್ಕೆ ಮತ್ತೆ ಅದೇ ಖರ್ಚು, ಅದೇ ಹೊರೆ.